ತಂಟೆಯಿಲ್ಲದ ಮಗು

ಫೆಬ್ರವರಿ 4, ಮಂಗಳವಾರ

ಮೊಬೈಲ್ ರಿಪೇರಿ ಅಂಗಡಿಯ ಕೆಲಸವೂ ಹೋಯಿತು. ಗಿರಾಕಿಯೊಬ್ಬ ಬ್ಯಾಟರಿ ಹಾಕಿಸಿಕೊಂಡು ಹೊರಟಿದ್ದ. "ಅದು ಹೊಸದಲ್ಲ, ಬೇರೆ ಫೋನಿಂದ ಬಿಚ್ಚಿದ್ದು" ಅಂದೆ. ಅವನೇನೂ ಕೇಳಿರಲಿಲ್ಲ, ನಾನೇ ಹೇಳಿದೆ. ಸಾಹುಕಾರರು ಮೊದಲು ಅವನಿಗೆ ಕೈ ಮುಗಿದರು, ಆಮೇಲೆ ನನಗೂ ಮುಗಿದರು. "ಮಹಾರಾಯ, ನಾಳೆಯಿಂದ ಬರಬೇಡಪ್ಪ" ಅಂದರು.

ಅಣ್ಣ ಬಸ್ಸಿನ ಡ್ಯೂಟಿ ಮುಗಿಸಿ ಬಂದವನು ಸುದ್ದಿ ಕೇಳಿ ನಕ್ಕ. "ಜಡ್ಜ್ ಸಾಹೇಬ್ರು ಈ ಸಲ ಎಷ್ಟು ವಾರ ಕೋರ್ಟ್ ನಡೆಸಿದ್ರು?"

ಅಮ್ಮ ನಗಲಿಲ್ಲ. "ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟ. ಈಗ ಕೆಲಸಗಳ ಸರದಿ. ಅಂಡಿಗೆ ಮುಳ್ಳು ಚುಚ್ಚುತ್ತೆ ಇವನಿಗೆ, ಒಂದು ಕಡೆ ಕೂರಲ್ಲ."

ಮಾತಾಡಿದರೆ ಜಗಳ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಲಾರಿ ಓಡಿಸುವ ಗೆಳೆಯ ಬಂದರಿನಲ್ಲಿ ಕೆಲಸ ಕೊಡಿಸುತ್ತೇನೆ ಅಂದಿದ್ದಾನೆ. ತಿಂಗಳು ಮುಗಿಯುವುದರೊಳಗೆ ಹೊರಟುಬಿಡುತ್ತೇನೆ. ಅಲ್ಲಿಯವರೆಗೆ ಡುಮ್ಮನನ್ನು ನೋಡಿಕೊಳ್ಳಬೇಕಂತೆ. ಡುಮ್ಮ ಅಂದರೆ ಅಣ್ಣನ ಮಗ, ಎಂಟು ತಿಂಗಳು. ಅವನನ್ನು ನೋಡಿಕೊಳ್ಳುವುದು ಒಂದು ಕೆಲಸವೇ ಅಲ್ಲ. ಮಲಗಿಸಿದಲ್ಲಿ ಮಲಗಿರುತ್ತಾನೆ.

ಫೆಬ್ರವರಿ 6, ಗುರುವಾರ

ಪಕ್ಕದ ಮನೆಯ ಟೀಚರು ಬಂದಿದ್ದರು. "ಎಂಥ ಒಳ್ಳೆ ಮಗು ರೀ! ಅಳೋದೇ ಕೇಳಿಸಲ್ಲ. ನಮ್ಮನೇಲೂ ಒಂದಿತ್ತು, ಬೀದಿಗೇ ಡಂಗುರ ಹೊಡೀತಿತ್ತು."

ಅಮ್ಮನ ಮುಖ ಅರಳಿತು. "ಎಲ್ಲಾ ನನ್ನ ಸೊಸೆ ಪಥ್ಯದ ಗುಣ" ಅಂದಳು. ಇದು ಅವಳು ಎಲ್ಲರಿಗೂ ಹೇಳುವ ಕಥೆ. ಹುಟ್ಟಿದ ಹೊಸತರಲ್ಲಿ ಡುಮ್ಮ ಸಂಜೆಯಾದರೆ ಕಾಲು ಮಡಿಚಿ ಕಿರುಚುತ್ತಿದ್ದ. ಹೊಟ್ಟೆನೋವು, ತಾಯಿಯ ಊಟದಿಂದ ಬರುತ್ತದೆ, ಹಾಲು ಮೊಸರು ಮೊಟ್ಟೆ ಮುಟ್ಟಬೇಡ ಅಂದಳು ಅಮ್ಮ. ಅತ್ತಿಗೆಗೆ ಮೀನು ಮಾಂಸ ಚಿಕ್ಕಂದಿನಿಂದಲೇ ಸೇರದು. ಉಳಿದದ್ದನ್ನೂ ಬಿಟ್ಟರು. ಅನ್ನ, ಬೇಳೆ, ಬೇಯಿಸಿದ ಸೊಪ್ಪು. ಡುಮ್ಮ ಸುಮ್ಮನಾದ. ಅಂದಿನಿಂದ ಅತ್ತಿಗೆಯ ತಟ್ಟೆ ಹಾಗೆಯೇ ಇದೆ.

ಟೀಚರು ಅತ್ತಿಗೆಯ ಕೆನ್ನೆ ಸವರಿದರು. "ತಾಯಿ ಅಂದ್ರೆ ಹೀಗಿರಬೇಕು." ಅತ್ತಿಗೆ ನಾಚಿಕೊಂಡು ಎದ್ದರು. ಏಳುವಾಗ ಗೋಡೆ ಹಿಡಿದುಕೊಂಡರು. ಕಾಲು ಜೋಮು ಹಿಡಿದಿದೆಯಂತೆ. ಮಗುವಿಗೆ ಹಾಲೂಡಿಸಲು ಕೂತೂ ಕೂತೂ ಹಾಗಾಗುತ್ತದೆ ಅಂದಳು ಅಮ್ಮ.

ಫೆಬ್ರವರಿ 11, ಮಂಗಳವಾರ

ಬೇಜಾರು. ನಮ್ಮ ಎರಡು ಕೋಣೆಗಳನ್ನು ಎಷ್ಟು ಸಲ ಸುತ್ತುವುದು? ಕೆಳಗೆ ಸೈಕಲ್ ಅಂಗಡಿಯವನು ರಿಮ್ಮು ಬಡಿಯುವ ಸದ್ದು ಕೇಳಿಕೊಂಡು ಕೂತಿದ್ದೆ. ಡುಮ್ಮನನ್ನು ನಗಿಸೋಣ ಅನ್ನಿಸಿತು. ನಾಯಿ ಥರ ಬೊಗಳಿದೆ. ಬಸ್ಸಿನ ಹಾರ್ನ್ ಹೊಡೆದೆ. ಟವೆಲ್ಲಿನೊಳಗೆ ಮುಖ ಮುಚ್ಚಿ ತೆಗೆದೆ. ಏನೂ ಇಲ್ಲ. ಕಿವಿ ಕೇಳುತ್ತಿಲ್ಲವೇನೋ ಅಂತ ಪಾತ್ರೆ ಮುಚ್ಚಳ ಕೆಳಗೆ ಹಾಕಿದೆ. ಬೆಚ್ಚಿಬಿದ್ದ, ಅಂದರೆ ಕೇಳುತ್ತದೆ. ಆದರೆ ಸದ್ದು ಎಲ್ಲಿಂದ ಬಂತೆಂದು ನೋಡಲಿಲ್ಲ. ಮತ್ತೆ ಸೂರಿನ ಕಡೆಗೇ ಕಣ್ಣು.

ಇವನು ಮೊದಲು ಹೀಗಿರಲಿಲ್ಲ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಕೇಕೆ ಹಾಕುತ್ತಿದ್ದ. ನನ್ನ ಮೂಗು ಹಿಡಿದರೆ ಬಿಡುತ್ತಿರಲಿಲ್ಲ. ಅದು ಯಾವಾಗ ನಿಂತಿತು? ಅಂಗಡಿಗೆ ಅಲೆಯುತ್ತಿದ್ದೆ, ಗಮನಿಸಲೇ ಇಲ್ಲ.

ಅತ್ತಿಗೆ ಅಡುಗೆ ಮನೆಯಿಂದ ಬಂದ ಕೂಡಲೇ ಹೇಳಿದೆ. "ಅತ್ತಿಗೆ, ಇವನು ನಿಮ್ಮನ್ನೂ ನೋಡಲ್ಲ. ನೀವು ಬಂದ್ರೂ ಒಂದೇ, ಗೋಡೆ ಬಂದ್ರೂ ಒಂದೇ."

ಅತ್ತಿಗೆಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಮ್ಮ ನನ್ನ ತಲೆಗೆ ಮೊಟಕಿದಳು. "ನಾಲಿಗೆಗೆ ಮೂಳೆ ಇಲ್ಲ ನಿಂಗೆ! ಹೆತ್ತವಳ ಹತ್ರ ಆಡೋ ಮಾತೇನೋ ಅದು?"

ನಿಜ ತಾನೆ ಹೇಳಿದ್ದು.

ಫೆಬ್ರವರಿ 13, ಗುರುವಾರ

ಅತ್ತಿಗೆ ನನ್ನ ಜೊತೆ ಮಾತಾಡುತ್ತಿಲ್ಲ. ಊಟ ಬಡಿಸಿದರು, ಅಷ್ಟೇ.

ಫೆಬ್ರವರಿ 17, ಸೋಮವಾರ

ಬೀದಿ ಕೊನೆಯ ಡಾಕ್ಟರ ಹತ್ತಿರ ಅಣ್ಣ ಮತ್ತೆ ಹೋಗಿಬಂದ. ಅವರು ಹೋದ ತಿಂಗಳೇ ಡುಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಅಂತ ಕಬ್ಬಿಣದ ಟಾನಿಕ್ಕು ಬರೆದಿದ್ದರು. ಬಾಟಲಿ ಮುಗಿದಿದೆ, ಮುಖ ಮಾತ್ರ ಅದೇ ಸುಣ್ಣ. ಈಗ ಇನ್ನೊಂದು ಬಾಟಲಿ. "ಇಷ್ಟು ಡುಮ್ಮಗಿರೋ ಮಗುಗೆ ಏನ್ರೀ ಕೊರತೆ? ಕೆಲವು ಮಕ್ಕಳು ನಿಧಾನ" ಅಂದರಂತೆ.

ಸ್ನಾನ ಮಾಡಿಸುವಾಗ ನಾನು ಅವನ ಕೈ ನೋಡಿದೆ. ಬೆರಳಿನ ಗೆಣ್ಣುಗಳೆಲ್ಲ ಮಸಿ ಹಿಡಿದ ಹಾಗೆ ಕಪ್ಪಗಿವೆ. ಸೋಪು ಹಾಕಿ ತಿಕ್ಕಿದೆ, ಹೋಗಲಿಲ್ಲ. ಕೂದಲು ಜೋಳದ ತೆನೆಯ ಎಳೆಯಂತೆ ಕೆಂಚಗೆ, ತೆಳ್ಳಗೆ. ಕತ್ತು ನಿಲ್ಲುತ್ತಿಲ್ಲ. ಅದು ಮೂರು ತಿಂಗಳಿಗೇ ನಿಂತಿತ್ತು, ಫೋನಿನಲ್ಲಿ ಫೋಟೋ ಇದೆ.

ಇದು ನಿಧಾನ ಅಲ್ಲ. ನಿಧಾನ ಅಂದರೆ ಮುಂದೆ ಮೆಲ್ಲಗೆ ಹೋಗುವುದು. ಇವನು ಹಿಂದೆ ಹೋಗುತ್ತಿದ್ದಾನೆ.

ಅಣ್ಣನಿಗೆ ಇದನ್ನೇ ಹೇಳಿದೆ. ಜಡ್ಜು ಗಿಡ್ಜು ಅನ್ನಲಿಲ್ಲ ಅವನು. ಮಗುವಿನ ಕತ್ತಿನ ಹಿಂದೆ ಕೈಯಿಟ್ಟು ಎತ್ತಿ ನೋಡಿದ. "ದೊಡ್ಡಾಸ್ಪತ್ರೆಗೆ ತೋರಿಸೋಣ" ಅಂದ.

ಫೆಬ್ರವರಿ 20, ಗುರುವಾರ

ಇವತ್ತಿನದು ಪೂರ್ತಿ ಬರೆದಿಡಬೇಕು.

ದೊಡ್ಡಾಸ್ಪತ್ರೆಗೆ ಹೋದೆವು. ಅಣ್ಣನಿಗೆ ರಜೆ ಸಿಗಲಿಲ್ಲ. ಅಮ್ಮ, ಅತ್ತಿಗೆ, ಮಗು, ನಾನು. ಹೊರಗೆ ಬೆಂಚಿನ ಮೇಲೆ ಅಮ್ಮ ಪಿಸುಗುಟ್ಟಿದಳು. "ಏನು ತಿಂತೀರಿ ಅಂತ ಕೇಳ್ತಾರೆ. ಎಲ್ಲಾ ತಿಂತೀನಿ ಅನ್ನು. ಇಲ್ಲದಿದ್ರೆ ಅತ್ತೆ ಸೊಸೇನ ಉಪವಾಸ ಕೆಡವಿದಾಳೆ ಅಂತ ಮುಖಕ್ಕೆ ಉಗೀತಾರೆ." ಅತ್ತಿಗೆ ತಲೆಯಾಡಿಸಿದರು. ಅಮ್ಮ ನನ್ನ ಕಡೆ ತಿರುಗಿದಳು. "ನೀನು ಬಾಯಿಗೆ ಬೀಗ ಹಾಕ್ಕೋ."

ಮಕ್ಕಳ ಡಾಕ್ಟರು ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿ. ಡುಮ್ಮನನ್ನು ಮಡಿಲಲ್ಲೇ ಇಟ್ಟುಕೊಂಡರು. ನಾಲಿಗೆ ನೋಡಿದರು. ಬೆರಳು ಬಿಡಿಸಿ ಗೆಣ್ಣುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪು ಚೆಂಡನ್ನು ಅವನ ಕಣ್ಣ ಮುಂದೆ ಆಚೀಚೆ ಆಡಿಸಿದರು. ಅವನು ನೋಡಲಿಲ್ಲ.

"ಏನು ತಿನ್ನುತ್ತೆ ಮಗು?"

"ಎದೆಹಾಲು ಅಷ್ಟೇ. ಗಂಜಿ ಬಾಯಿಗಿಟ್ರೆ ಉಗುಳ್ತಾನೆ" ಅಂದರು ಅತ್ತಿಗೆ.

"ನೀವೇನು ತಿಂತೀರಮ್ಮ?"

"ಎಲ್ಲಾ ತಿಂತೀನಿ."

"ಎಲ್ಲಾ ತಿಂತಾಳೆ ಡಾಕ್ಟ್ರೇ, ನಮ್ಮನೇಲಿ ಯಾವುದಕ್ಕೂ ಕಮ್ಮಿ ಇಲ್ಲ" ಅಂದಳು ಅಮ್ಮ.

ಡಾಕ್ಟರು ಬರೆದುಕೊಳ್ಳತೊಡಗಿದರು. ಅವರು ಬರೆಯುತ್ತಿದ್ದುದು ಸುಳ್ಳು. ಆ ಸುಳ್ಳನ್ನು ನಂಬಿ ಅವರು ಔಷಧಿ ಕೊಡುತ್ತಾರೆ. ಅದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ.

"ಇಲ್ಲ ಡಾಕ್ಟ್ರೇ. ಅನ್ನ, ಬೇಳೆ, ಸೊಪ್ಪು, ಇಷ್ಟೇ. ಹಾಲಿಲ್ಲ, ಮೊಸರಿಲ್ಲ, ಮೊಟ್ಟೆ ಇಲ್ಲ. ಮಗು ಹುಟ್ಟಿದ ಹೊಸದ್ರಲ್ಲಿ ಪಥ್ಯ ಅಂತ ಬಿಟ್ಟಿದ್ದು."

ಅಮ್ಮ ಮೇಜಿನ ಕೆಳಗೆ ನನ್ನ ಪಾದವನ್ನು ಜಜ್ಜಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕುರ್ಚಿಯನ್ನು ಅತ್ತಿಗೆಯ ಹತ್ತಿರ ಎಳೆದುಕೊಂಡರು. "ಬಸುರಿಯಾಗಿದ್ದಾಗ ತಿಂತಿದ್ರಾ?"

"ಹಾಲಿನ ವಾಸನೆಗೇ ವಾಂತಿ ಬರ್ತಿತ್ತು."

"ನಿಮ್ಮ ನಾಲಿಗೆ ಉರಿಯುತ್ತಾ? ಕಾಲು ಜೋಮು ಹಿಡಿಯುತ್ತಾ?"

ಅತ್ತಿಗೆ ಆಶ್ಚರ್ಯದಿಂದ ನೋಡಿದರು. "ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಪಥ್ಯ ಎಷ್ಟು ದಿನಕ್ಕೆ ಅಂತ ಹೇಳಿದ್ರು?"

ಅತ್ತಿಗೆ ನೆಲ ನೋಡುತ್ತ ಹೇಳಿದರು. "ಅತ್ತೆ ಬೇಡ ಅಂದಿದ್ರು. ಅವರೇ ತಿನ್ನು ಅನ್ನಲಿ ಅಂತ ಕಾಯ್ತಾ ಇದ್ದೆ."

ಅಮ್ಮ ಸೆರಗು ಎಳೆದುಕೊಂಡು ಅಂದಳು. "ನಾನು ಹೇಳಿದ್ದು ಹೊಟ್ಟೆನೋವು ನಿಲ್ಲೋವರೆಗೆ. ಆಮೇಲೆ ಇವಳಿಗೇ ಬೇಡವೇನೋ ಅಂದುಕೊಂಡೆ. ನಾನಾಗೇ ತಿನ್ನು ಅಂದ್ರೆ, ಮೊಮ್ಮಗನಿಗಿಂತ ಸೊಸೆ ನಾಲಿಗೆ ರುಚಿನೇ ದೊಡ್ಡದು ಅಂದ ಹಾಗಾಗುತ್ತೆ ಅಂತ..."

ಇಬ್ಬರದೂ ರಕ್ತ ತೆಗೆದರು. ತಾಯಿಯದೂ, ಮಗುವಿನದೂ. ಸೂಜಿ ಚುಚ್ಚಿದರೂ ಡುಮ್ಮ ಸಣ್ಣಗೆ ಕುಂಯ್ ಅಂದ, ಅಷ್ಟೇ.

ಬಸ್ಸಿನಲ್ಲಿ ಅಮ್ಮ ನನ್ನ ಪಕ್ಕ ಕೂರಲಿಲ್ಲ.

ಫೆಬ್ರವರಿ 22, ಶನಿವಾರ

ರಕ್ತದ ರಿಪೋರ್ಟ್ ಬಂತು. ಕೊರತೆ ಬಿ-12 ಅನ್ನುವ ವಿಟಮಿನ್ನಿನದು. ತಾಯಿಯ ರಕ್ತದಲ್ಲಿ ತೀರಾ ಕಡಿಮೆ, ಮಗುವಿನ ರಕ್ತದಲ್ಲಿ ಅದಕ್ಕಿಂತ ಕಡಿಮೆ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಇರುತ್ತದಂತೆ. ಅನ್ನ ಬೇಳೆ ಸೊಪ್ಪಿನಲ್ಲಿ ಇರುವುದಿಲ್ಲವಂತೆ, ಎಷ್ಟು ತಿಂದರೂ. ರಕ್ತಕ್ಕೂ ಬೇಕು, ನರಕ್ಕೂ ಬೇಕು, ಬೆಳೆಯುವ ಮಿದುಳಿಗೂ ಬೇಕು. ಕಬ್ಬಿಣ ಕಡಿಮೆಯಾದರೆ ರಕ್ತದ ಕಣ ಚಿಕ್ಕದಾಗುತ್ತದೆ, ಡುಮ್ಮನದು ದೊಡ್ಡದಾಗಿದೆ. ಟಾನಿಕ್ಕು ಯಾಕೆ ನಾಟಲಿಲ್ಲ ಅಂತ ಈಗ ಗೊತ್ತಾಯಿತು. ಮೈ ಡುಮ್ಮಗಿದ್ದರೂ ಈ ಕೊರತೆ ಬರಬಹುದು, ಅದಕ್ಕೇ ಎಲ್ಲರೂ ಮೋಸ ಹೋಗುತ್ತಾರೆ ಅಂದರು ಡಾಕ್ಟರು.

ಇಬ್ಬರಿಗೂ ಇಂಜೆಕ್ಷನ್ ಶುರು. ಎದೆಹಾಲು ನಿಲ್ಲಿಸಬೇಡಿ, ಜೊತೆಗೆ ಮೇಲಿನ ಊಟ ಅಭ್ಯಾಸ ಮಾಡಿಸಿ ಅಂದರು.

ಅಣ್ಣ ಒಂದೇ ಪ್ರಶ್ನೆ ಕೇಳಿದ. "ಮೊದಲಿನ ಹಾಗೆ ಆಗ್ತಾನಾ?"

"ರಕ್ತ ಸರಿಹೋಗುತ್ತೆ. ನಗುನೂ ಬರಬಹುದು. ಮಿದುಳು ಎಷ್ಟು ವಾಪಸ್ ಹಿಡಿಯುತ್ತೆ ಅಂತ ಈಗ್ಲೇ ಹೇಳಿದ್ರೆ ನಿಮಗೆ ಸುಳ್ಳು ಹೇಳಿದ ಹಾಗೆ."

ಆ ಡಾಕ್ಟರು ನನಗೆ ಹಿಡಿಸಿದರು. ಆದರೆ ಅಣ್ಣನ ಮುಖ ನೋಡಲಾಗಲಿಲ್ಲ. ದಿನವೂ ಅಷ್ಟು ದೊಡ್ಡ ಬಸ್ಸು ತಿರುಗಿಸುವವನು ಆಸ್ಪತ್ರೆಯ ಬಾಗಿಲು ಯಾವ ಕಡೆಗೆ ತೆರೆಯಬೇಕೆಂದು ತಿಳಿಯದೆ ನಿಂತಿದ್ದ.

ಫೆಬ್ರವರಿ 23, ಭಾನುವಾರ

ಮನೆಯಲ್ಲಿ ನಾಲ್ಕು ಜನ, ನಾಲ್ಕು ದಿಕ್ಕು. ಅಮ್ಮ ಅತ್ತಿಗೆಯ ತಟ್ಟೆಗೆ ಮೊಸರು ಹಾಕಿ ಅಡುಗೆ ಮನೆಗೆ ಓಡಿಹೋದಳು. ಅತ್ತಿಗೆ ತಿಂದರು, ಅಳುತ್ತ. ಲಾರಿ ಗೆಳೆಯ ಫೋನ್ ಮಾಡಿದ್ದ. ಮುಂದಿನ ವಾರ ಅಂದೆ.

ಫೆಬ್ರವರಿ 26, ಬುಧವಾರ

ನೋಡಿದ!

ಬೆಳಿಗ್ಗೆ ಚಮಚ ತೊಳೆದು ಒರೆಸುತ್ತಿದ್ದೆ. ಡುಮ್ಮನ ಕಣ್ಣು ಚಮಚದ ಹಿಂದೆ ಬಂತು. ಎಡಕ್ಕೆ ಒಯ್ದೆ, ಬಂತು. ಬಲಕ್ಕೆ ಒಯ್ದೆ, ಬಂತು. "ನೋಡಿದ, ನೋಡಿದ" ಅಂತ ಕಿರುಚಿದೆ. ಅಮ್ಮ ಕೈಯಲ್ಲಿ ಪೊರಕೆ ಹಿಡಿದೇ ಓಡಿಬಂದಳು. ಅತ್ತಿಗೆಯೂ ಬಂದರು. ಅಷ್ಟರಲ್ಲಿ ಮಹಾಶಯ ನಿದ್ದೆ ಹೋಗಿದ್ದ. ಅತ್ತಿಗೆ ಅವನ ಪಕ್ಕ ಕೂತೇ ಇದ್ದರು, ಎದ್ದ ಮೇಲೆ ಮತ್ತೆ ನೋಡುತ್ತಾನೆ ಅಂತ. ಎದ್ದು ಸೂರು ನೋಡಿದ.

"ನಿನಗೆ ಮಾತ್ರ ಕಾಣಿಸ್ತಲ್ಲ" ಅಂದರು. ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮಾತು. ಸಂತೋಷದ ಮಾತಾಗಿರಲಿಲ್ಲ.

ಮಾರ್ಚ್ 2, ಭಾನುವಾರ

ಎಲ್ಲ ಕೆಟ್ಟಿತು. ನಿನ್ನೆಯಿಂದ ಡುಮ್ಮ ನಡುಗುತ್ತಿದ್ದಾನೆ. ಮೊದಲು ಗದ್ದ, ಆಮೇಲೆ ಕೈ, ಈಗ ತಲೆಯೂ. ನಿಂತ ಬಸ್ಸಿನ ಇಂಜಿನ್ ಅದುರುವ ಹಾಗೆ. ಎತ್ತಿಕೊಂಡರೆ ನನ್ನ ಎದೆಯೂ ಅದುರುತ್ತದೆ.

"ಇಂಜೆಕ್ಷನ್ನಿಂದಲೇ ಆಗಿದ್ದು. ಮೊದಲು ಇದಿರಲಿಲ್ಲ. ನಾಳೆ ಕರ್ಕೊಂಡು ಹೋಗೋದು ಬೇಡ" ಅಂದ ಅಣ್ಣ. ಅಮ್ಮನೂ ಹೌದು ಅಂದಳು. ಅತ್ತಿಗೆ ಸೆರಗಿನಿಂದ ಅವನ ಎರಡು ಕೈಗಳನ್ನೂ ಅದುಮಿ ಹಿಡಿದು ಕೂತಿದ್ದರು.

"ನಿಲ್ಲಿಸಬೇಕೋ ಬೇಡವೋ ನಮಗೆ ಗೊತ್ತಿಲ್ಲ. ಗೊತ್ತಿರೋರನ್ನ ಕೇಳೋಣ" ಅಂದೆ ನಾನು.

"ನಿನ್ನ ಮಗ ಆಗಿದ್ರೆ ಹೀಗೆ ತಣ್ಣಗೆ ಮಾತಾಡ್ತಿದ್ಯಾ?" ಅಂದ ಅಣ್ಣ.

ಬಾಯಿಗೆ ಬಂದದ್ದು ಹೇಳಲಿಲ್ಲ. ಅವನ ಕಣ್ಣೂ ಕೆಂಪಾಗಿತ್ತು.

ಮಾರ್ಚ್ 3, ಸೋಮವಾರ

ಕೊನೆಗೆ ಹೊರಟೆವು, ಅತ್ತಿಗೆಯೇ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು. ಉಳಿದವರು ಹಿಂದೆ.

"ನಿದ್ದೆ ಮಾಡುವಾಗ ನಡುಕ ಇರುತ್ತಾ?" ಅಂತ ಕೇಳಿದರು ಡಾಕ್ಟರು.

ಅಣ್ಣ ಅಮ್ಮನ ಮುಖ ನೋಡಿದ, ಅಮ್ಮ ಅತ್ತಿಗೆಯ ಮುಖ. "ಇರಲ್ಲ" ಅಂದೆ. "ಕಣ್ಣು ಮುಚ್ಚಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ. ಎದ್ದರೆ ಶುರು."

ಈ ಕಾಯಿಲೆಯ ಕೆಲವು ಮಕ್ಕಳಲ್ಲಿ ಔಷಧಿ ಶುರುವಾದ ಮೇಲೆ ಹೀಗೆ ನಡುಕ ಬರುವುದುಂಟಂತೆ, ವಾರಗಟ್ಟಲೆ ಇದ್ದು ಹೋಗುತ್ತದಂತೆ. ಇಂಜೆಕ್ಷನ್ ನಿಲ್ಲಿಸಿದರೇ ಅಪಾಯ. "ಇದನ್ನ ಮೊದಲೇ ನಿಮಗೆ ಹೇಳಬೇಕಿತ್ತು. ಹೇಳದೇ ಇದ್ದದ್ದು ನನ್ನ ತಪ್ಪು" ಅಂದರು. ನಡುಕ ತಗ್ಗಿಸಲು ಒಂದು ಔಷಧಿ ಕೊಟ್ಟರು. ಒಂದು ದಿನ ಒಳಗೆ ಇಟ್ಟುಕೊಂಡು ನೋಡುತ್ತೇವೆ ಅಂದರು. ತಾಯಿಯ ಜೊತೆ ಒಬ್ಬರೇ ಇರಬಹುದು ಅಂದದ್ದಕ್ಕೆ ಅಮ್ಮ ನನ್ನನ್ನು ಮುಂದೆ ತಳ್ಳಿದಳು. "ಇವನೇ ಇರಲಿ. ಇವನಿಗೆ ಮಗು ಗೊತ್ತು."

ಮಾರ್ಚ್ 4, ಮಂಗಳವಾರ

ವಾರ್ಡಿನ ಕಿಟಕಿ ಪಕ್ಕದ ಮಂಚ. ಅತ್ತಿಗೆ ಇದ್ದಕ್ಕಿದ್ದಂತೆ ಕೇಳಿದರು. "ನೀನು ಮುಲಾಜು ನೋಡಲ್ಲ. ಅದಕ್ಕೇ ನಿನ್ನ ಕೇಳ್ತಿದೀನಿ. ನಾನೇ ಅಲ್ವಾ ಇವನನ್ನ ಹೀಗೆ ಮಾಡಿದ್ದು?"

ಅವರ ಹಾಲಿನಲ್ಲಿ ಆ ವಿಟಮಿನ್ ಇರಲಿಲ್ಲ. ಇಲ್ಲ ಅಂದರೆ ಸುಳ್ಳು. ಹೌದು ಅಂದರೂ ಏನೋ ಸುಳ್ಳು, ಆದರೆ ಎಲ್ಲಿ ಅಂತ ತಿಳಿಯಲಿಲ್ಲ. "ತಡೀರಿ ಅತ್ತಿಗೆ, ಯೋಚನೆ ಮಾಡಿ ಹೇಳ್ತೀನಿ" ಅಂದೆ. ಸಂಜೆಯವರೆಗೂ ಯೋಚಿಸಿದೆ. ಪರೀಕ್ಷೆಯಲ್ಲೂ ನಾನು ಇಷ್ಟು ಹೊತ್ತು ಕೂತಿಲ್ಲ.

ನರ್ಸಮ್ಮ ಬಂದು ಮೊದಲು ಡುಮ್ಮನಿಗೆ, ಆಮೇಲೆ ಅತ್ತಿಗೆಗೆ ಸೂಜಿ ಹಾಕಿ ಹೋದರು. ಆಗ ಸಿಕ್ಕಿತು.

"ಅತ್ತಿಗೆ, ನಿಮ್ಮ ಹಾಲಲ್ಲಿ ಅದು ಇರಲಿಲ್ಲ, ನಿಜ. ನಿಮ್ಮ ಮೈಯಲ್ಲೇ ಇರಲಿಲ್ಲ, ಅದೂ ನಿಜ. ಇಲ್ಲದ್ದನ್ನ ಎಲ್ಲಿಂದ ಕೊಡ್ತಿದ್ರಿ? ಇಬ್ಬರಿಗೂ ಒಂದೇ ಕಾಯಿಲೆ, ಇಬ್ಬರಿಗೂ ಒಂದೇ ಸೂಜಿ. ಡುಮ್ಮ ತಪ್ಪು ಮಾಡಿಲ್ಲ ಅಂದ್ರೆ ನೀವೂ ಮಾಡಿಲ್ಲ."

ಅವರು ಡುಮ್ಮನ ಹೊದಿಕೆ ಸರಿಮಾಡಿದರು. ಆಮೇಲೆ, "ನನಗೆ ಎಷ್ಟು ಹಸಿವಾಗ್ತಿತ್ತು ಗೊತ್ತಾ?" ಅಂದರು. "ಮೊಸರಿನ ಪಾತ್ರೆ ತೊಳೆಯುವಾಗ ಒಂದು ಸಲ ಬೆರಳು ನೆಕ್ಕಿದ್ದೆ. ಅವತ್ತು ಸಂಜೆ ಇವನು ಅತ್ತ. ನನ್ನಿಂದಲೇ ಅಂದುಕೊಂಡೆ."

ಇದನ್ನು ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆದದ್ದು ಬೇರೆ.

ಮಾರ್ಚ್ 21, ಶುಕ್ರವಾರ

ನಡುಕ ಕಡಿಮೆಯಾಗುತ್ತಿದೆ. ಗದ್ದದಲ್ಲಿ ಸ್ವಲ್ಪ ಉಳಿದಿದೆ. ಗಂಜಿ ಕೊಟ್ಟರೆ ನಾಲ್ಕು ಚಮಚ ಒಳಗೆ, ಉಳಿದದ್ದು ನನ್ನ ಅಂಗಿಗೆ. ನನ್ನ ಹತ್ತಿರ ಈಗ ಸ್ವಚ್ಛವಾದ ಅಂಗಿ ಒಂದೂ ಇಲ್ಲ. ಬಂದರಿಗೆ ಹೋಗುವ ಮಾತನ್ನು ನಾನೇ ಎತ್ತುತ್ತಿಲ್ಲ.

ಬೆಳಿಗ್ಗೆ ಅಮ್ಮ ಮೊಟ್ಟೆ ಬೇಯಿಸಿ ಸುಲಿದು ಅತ್ತಿಗೆಯ ಮುಂದೆ ಇಟ್ಟಳು. ಈ ಸಲ ಓಡಿಹೋಗಲಿಲ್ಲ, ಎದುರಿಗೇ ಕೂತಳು. "ನಾನು ಬೇಡ ಅಂದಿದ್ದೆ. ನಾನೇ ಹೇಳ್ತಿದೀನಿ, ತಿನ್ನು. ಇನ್ನು ಮೇಲೆ ನನ್ನ ಮಾತಿಗೆ ಕಾಯಬೇಡ."

"ಕಾಯಲ್ಲ ಅತ್ತೆ" ಅಂದರು ಅತ್ತಿಗೆ. ಸ್ವಲ್ಪ ಗಟ್ಟಿಯಾಗಿಯೇ ಅಂದರು. "ಉಪ್ಪು ಎಲ್ಲಿ?"

ಅಮ್ಮ ಎದ್ದು ಉಪ್ಪು ತಂದಳು.

ಏಪ್ರಿಲ್ 20, ಭಾನುವಾರ

ಹೋದ ವಾರ ಡಾಕ್ಟರು ಡುಮ್ಮನನ್ನು ಮೇಜಿನ ಮೇಲೆ ಕೂರಿಸಿ ಕೈಬಿಟ್ಟರು. ಅಕ್ಕಿ ಚೀಲದ ಹಾಗೆ ಪಕ್ಕಕ್ಕೆ ವಾಲಿದ. ನೋಡುತ್ತಾನೆ, ನಗುತ್ತಾನೆ, ಕತ್ತು ನಿಂತಿದೆ, ಇವೆಲ್ಲ ಸರಿ. ಆದರೆ ಈ ವಯಸ್ಸಿಗೆ ಕೂರಬೇಕಿತ್ತು. "ಕೂರೋದು ಬಂದ್ರೆ ನನಗೆ ಧೈರ್ಯ ಬರುತ್ತೆ" ಅಂದರು. ಅಂದಿನಿಂದ ಅತ್ತಿಗೆ ಕೆಲಸವಿಲ್ಲದಾಗಲೆಲ್ಲ ಅವನ ಸುತ್ತ ದಿಂಬು ಒತ್ತಿ ಕೂರಿಸಿ ಎದುರಿಗೆ ಕಾಯುತ್ತಾರೆ.

ಇವತ್ತು ಅಣ್ಣ ಡ್ಯೂಟಿಯಲ್ಲಿದ್ದ, ಅಮ್ಮ ಪೇಟೆಗೆ ಹೋಗಿದ್ದಳು. ಅತ್ತಿಗೆ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದರು. ಡುಮ್ಮ ದಿಂಬುಗಳ ನಡುವೆ ಸಾಹುಕಾರನ ಹಾಗೆ ಕೂತಿದ್ದ. ಒಂದು ದಿಂಬಿಗೆ ಗಂಜಿ ಮೆತ್ತಿತ್ತು, ಎಳೆದುಕೊಂಡೆ. ಅವನು ಬೀಳಲಿಲ್ಲ. ಇನ್ನೊಂದನ್ನೂ ಎಳೆದೆ. ಎರಡು ಕೈಯನ್ನೂ ಮುಂದೆ ಚಾಪೆಗೆ ಊರಿ, ಕಪ್ಪೆಯ ಹಾಗೆ, ಒಬ್ಬನೇ ಕೂತ. ಬೆನ್ನು ಗಡಗಡ ಅಂದಿತು, ಆದರೂ ಕೂತ. ನನ್ನ ಮುಖ ನೋಡಿದ. ಆಮೇಲೆ ಪಕ್ಕಕ್ಕೆ ಉರುಳಿ ಮನೆ ಹಾರಿಹೋಗುವಂತೆ ಕಿರುಚಿದ.

ಅತ್ತಿಗೆ ಒದ್ದೆ ಕೈಯಲ್ಲೇ ಓಡಿಬಂದರು. "ಏನಾಯ್ತೋ?"

ಒಬ್ಬನೇ ಕೂತಿದ್ದ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಬಿದ್ದ" ಅಂದೆ.

ಅವರು ಎತ್ತಿಕೊಂಡು ಸಮಾಧಾನ ಮಾಡಿದರು. ಅಳು ನಿಂತಿತು. ನಾನು ದಿಂಬುಗಳನ್ನು ಮತ್ತೆ ಜೋಡಿಸಿದೆ. ಪಕ್ಕದ್ದನ್ನು ಮಾತ್ರ ಸ್ವಲ್ಪ ಸಡಿಲ ಬಿಟ್ಟೆ.

"ಅತ್ತಿಗೆ, ನೀವು ಇವನ ಎದುರಿಗೆ ಕೂತ್ಕೊಳ್ಳಿ. ಬಟ್ಟೆ ನಾನು ಒಣಗಿಸ್ತೀನಿ."

"ಏನು, ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?"

ಬಕೆಟ್ ಎತ್ತಿಕೊಂಡು ತಾರಸಿಗೆ ಹೋದೆ. ಒಂದೊಂದೇ ಬಟ್ಟೆ ಕೊಡವಿ, ಅಂಚು ಎಳೆದು, ತಂತಿಗೆ ಹಾಕಿದೆ. ಆತುರ ಮಾಡಲಿಲ್ಲ. ಬಕೆಟ್ ಅರ್ಧ ಖಾಲಿಯಾಗಿತ್ತು. ಬೆಡ್‌ಶೀಟು ಹರವುತ್ತಿದ್ದಾಗ ಕೆಳಗಿನಿಂದ ಅತ್ತಿಗೆ ನನ್ನನ್ನು ಕೂಗಿದರು. ಅಂಥ ದನಿಯಲ್ಲಿ ಅವರು ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಬೆಡ್‌ಶೀಟನ್ನು ಅಲ್ಲೇ ಬಿಟ್ಟು, ಏನೂ ಗೊತ್ತಿಲ್ಲದವನ ಮುಖ ಮಾಡಿಕೊಂಡು ಮೆಟ್ಟಿಲಿಳಿದು ಓಡಿದೆ.